ಬೆರಳು ಯಾರದು?

‘ಚಂದಮಾಮ’ಕ್ಕೆ ಶಂಕರ್ ಬರೆದ ಆ ಚಿತ್ರವನ್ನು ನೋಡಿದವರು ಮರೆತಿರಲಾರರು: ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ನಡೆದುಹೋಗುತ್ತಿರುವ ವಿಕ್ರಮ. ಸಣ್ಣವನಿದ್ದಾಗ ನನ್ನ ಕಣ್ಣು ರಾಜನ ಮೇಲಲ್ಲ, ಜೋತುಬಿದ್ದ ಹೆಣದ ಕೈಮೇಲೆ ನಿಲ್ಲುತ್ತಿತ್ತು. ಮೈ ಯಾರದೋ, ಒಳಗೆ ಕೂತು ಮಾತಾಡುವವನು ಬೇತಾಳ. ಆ ಕೈಬೆರಳು ಈಗ ಅಲುಗಿದರೆ ಅಲುಗಿಸಿದವರು ಯಾರು?

ಜೈನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಈಗ ಬರೆಯುತ್ತಿರುವ ಕಾಮಿಕ್ಸ್ ಈ ಪ್ರಶ್ನೆಯಿಂದಲೇ ಹುಟ್ಟಿದ್ದು. ಅಣ್ಣ ಊರಲ್ಲಿ ಹೊಲ ಮಾಡುತ್ತಾನೆ, ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ. ಇಬ್ಬರ ಮನಸ್ಸನ್ನೂ ಒಂದು ಯಂತ್ರ ಬೆಸೆದಿದೆ. ಮೊದಲ ಪುಟಗಳಲ್ಲಿ ಬರೀ ಸಂತೋಷ. ಆಮೇಲೊಂದು ಬೆಳಿಗ್ಗೆ, ತಮ್ಮನ ಮೆತ್ತನೆಯ ಅಂಗೈಯಲ್ಲಿ ಜಡ್ಡು ಮೂಡುತ್ತದೆ.

ಇದು ಪೂರ್ತಿ ಕಟ್ಟುಕತೆಯಲ್ಲ. 2013ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಜೇಶ್ ರಾವ್ ತಲೆಗೆ ವಿದ್ಯುದ್ವಾರಗಳ ಟೋಪಿ ಹಾಕಿಕೊಂಡು, ವಿಡಿಯೋ ಗೇಮ್ ನೋಡುತ್ತ, ಬಲಗೈ ಆಡಿಸುವುದನ್ನು ಮನಸ್ಸಿನಲ್ಲೇ ನೆನೆದರು. ಅದೇ ಆವರಣದ ಇನ್ನೊಂದು ಪ್ರಯೋಗಾಲಯದಲ್ಲಿ ಆಂಡ್ರಿಯಾ ಸ್ಟೊಕೊ ತಲೆಯ ಮೇಲೆ ಕಾಂತದ ಸುರುಳಿ ಇಟ್ಟುಕೊಂಡು ಕೂತಿದ್ದರು. ಇಂಟರ್ನೆಟ್ಟಿನಲ್ಲಿ ಸಂಕೇತ ಬಂತು, ಸ್ಟೊಕೊ ಅವರ ಬೆರಳು ತಾನಾಗಿ ಕೀಲಿ ಒತ್ತಿತು. ಇದನ್ನು ಓದಿದ ರಾತ್ರಿ ನಾನು ನನ್ನ ಬೆರಳುಗಳನ್ನೇ ನೋಡುತ್ತ ಬಹಳ ಹೊತ್ತು ಎಚ್ಚರವಿದ್ದೆ.

ಗಂಡನದೂ ಇನ್ನೊಬ್ಬನದೂ ತಲೆ ಅದಲುಬದಲಾದ ಕತೆಯಲ್ಲಿ ಬೇತಾಳನ ಪ್ರಶ್ನೆಗೆ ರಾಜ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು: ತಲೆಯೇ ದೊಡ್ಡದು, ತಲೆ ಯಾರದೋ ಅವನೇ ಗಂಡ. 1971ರ ‘ಹಯವದನ’ ನಾಟಕದಲ್ಲಿ ಗಿರೀಶ ಕಾರ್ನಾಡರು ಅಷ್ಟಕ್ಕೇ ಬಿಡಲಿಲ್ಲ. ಕಪಿಲನ ತಲೆಗೆ ಬಂದ ದೇವದತ್ತನ ಮೈಗೆ ತನ್ನದೇ ನೆನಪುಗಳಿವೆ, ಅವು ಕಪಿಲನನ್ನು ಕಾಡುತ್ತವೆ. ನಾನು ಕಾರ್ನಾಡರ ಪಕ್ಷ. ದಿನಾ ನಿಬ್ಬು ಹಿಡಿಯುವವನಿಗೆ ಕೈಗೂ ನೆನಪಿದೆ ಎಂಬುದು ಅನುಭವದ ಮಾತು.

ಜಡ್ಡನ್ನು ಬರೆಯುವುದೇ ಈ ಕೆಲಸದ ದೊಡ್ಡ ಸುಖ. ಚರ್ಮಕ್ಕೆ ಗೆರೆ ಸಿಗದೆ ವಾರಗಟ್ಟಲೆ ಒದ್ದಾಡಿದೆ. ಸಿಕ್ಕಿದ್ದು ಬೇಸಿಗೆಯ ಎರೆ ಹೊಲದಲ್ಲಿ. ಬಿರಿದ ನೆಲದ ಹೆಂಟೆಗಳ ಅಂಚು ಒಂದಿಷ್ಟೇ ಮೇಲೆದ್ದಿರುತ್ತದೆ. ಅಲ್ಲಿ ಬೆಳಕು, ಬಿರುಕಿನೊಳಗೆ ಕಗ್ಗತ್ತಲು. ನಿಬ್ಬನ್ನು ಒತ್ತಿ ಇಳಿಸಿ, ಕೊನೆಗೆ ಕೂದಲೆಳೆಯಷ್ಟು ಸಡಿಲಿಸಬೇಕು. ಹಾಗೆ ಬರೆದ ಮೇಲೆ ತಮ್ಮನ ಅಂಗೈ ಊರಿನ ನೆಲದಂತೆ ಬಿರಿಯಿತು. ನನಗೇ ಮೈ ಜುಮ್ಮೆಂದಿತು.

ಮೊನ್ನೆ ಅವ್ವ ಆ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಯಂತ್ರದ ಬಗ್ಗೆ ಏನೂ ಕೇಳಲಿಲ್ಲ.

“ತಮ್ಮಾ, ಕುಡಗೋಲು ಹಿಡದವರಿಗೆ ಜಡ್ಡು ಅಲ್ಲಿ ಬೀಳೂದಿಲ್ಲೋ. ಇಲ್ಲಿ ನೋಡು,” ಎಂದು ತನ್ನ ಬಲಗೈ ಬಿಚ್ಚಿ ಬೆರಳಿನ ಬುಡ ತೋರಿಸಿದಳು.

ನಾನು ಬಿಳಿ ಬಣ್ಣ ಬಳಿದು ಹಳೆಯ ಜಡ್ಡು ಅಳಿಸಿದೆ. ಅದು ಒಣಗುವತನಕ ಅವ್ವ ಕೈ ಚಾಚಿಕೊಂಡೇ ಕೂತಿದ್ದಳು.