ಬೆಳತನಕದ ಹಾಡು

ಹೊಸಪೇಟೆಯ ಬೇಸಿಗೆ ಕಂಡವರಿಗೆ ರಾತ್ರಿಯ ಬೆಲೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಹಗಲೆಲ್ಲ ಕಾದ ಹಂಪಿಯ ಬಂಡೆಗಳು ಕತ್ತಲಾದ ಮೇಲೂ ಝಳ ಬಿಡುತ್ತಲೇ ಇರುತ್ತವೆ. ಊರಿಗೆ ಜೀವ ಬರುವುದು ದೀಪ ಹತ್ತಿದ ಮೇಲೆ. ಮಿರ್ಚಿ ಬಂಡಿಗಳ ಮುಂದೆ ಜನ ಸೇರುತ್ತಾರೆ, ಒಗ್ಗರಣೆ ಮಂಡಕ್ಕಿಯ ಘಮ ಬೀದಿ ತುಂಬುತ್ತದೆ. ತುಂಗಭದ್ರಾ ಡ್ಯಾಮಿನ ತೋಟದಲ್ಲಿ ಸಂಗೀತ ಕಾರಂಜಿ ಚಿಮ್ಮಿದಾಗ ಮಕ್ಕಳು ಕೇಕೆ ಹಾಕುತ್ತಾರೆ. ಲಾರಿ ಓಡಿಸಿ ಬಂದವರು, ಪಾಳಿ ಮುಗಿಸಿದವರು ಬಾರ್ ಅಂಡ್ ರೆಸ್ಟೋರೆಂಟುಗಳಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ನಡುರಾತ್ರಿಗೆ ಮೊದಲೇ ಅಲ್ಲಿನ ಶಟರು ಇಳಿಯುತ್ತದೆ. ಹಂಪಿಯ ಗುಡಿಯ ಸುತ್ತಲಂತೂ ಮದ್ಯ ಮಾರುವಂತಿಲ್ಲ.

‘ರಾತ್ರಿ ನೋಡುವಂಥದ್ದು ಇಲ್ಲೇನಿದೆ?’ ಎಂದು ಬೆಂಗಳೂರಿನಿಂದ ಬಂದ ಗೆಳೆಯರು ಕೇಳುತ್ತಾರೆ. ಕೇಳುವಂಥದ್ದು ಬಹಳ ಇದೆ ಎಂಬುದು ನನ್ನ ಉತ್ತರ.

ಇದು ರಾತ್ರಿಯನ್ನು ಹಾಡಿ ಕಳೆದ ನಾಡು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಒಂಬತ್ತು ದಿನಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಕತ್ತಲಾಗುತ್ತಲೇ ಪಂಜುಗಳು ಹೊತ್ತಿ ಅರಮನೆಯ ಅಂಗಳ ಹಗಲಿನಂತಾಗುತ್ತಿತ್ತು. ಆಟ, ಕುಣಿತ, ಬಾಣಬಿರುಸು ಒಂದರ ಹಿಂದೊಂದು ನಡೆಯುತ್ತಿದ್ದವು. ಅದು ಅರಸರ ರಾತ್ರಿ. ಆ ಅರಮನೆ ಬಿದ್ದುಹೋಯಿತು. ಹಾಡನ್ನು ಉಳಿಸಿಕೊಂಡವರು ಹಳ್ಳಿಯ ಜನ.

ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ಬಯಲಾಟದ ಅಟ್ಟ ಏಳುತ್ತದೆ. ಊಟ ಮುಗಿಸಿ ಚಾಪೆ, ಕಂಬಳಿ ಹಿಡಿದು ಬಂದ ಜನ ಎದ್ದುಹೋಗುವುದು ಹೊತ್ತು ಮೂಡಿದ ಮೇಲೆ. ಮೊಹರಂನಲ್ಲಿ ಹಿಂದೂ ಮುಸ್ಲಿಮರು ಒಟ್ಟಿಗೆ ಅಲಾಯಿ ಕುಣಿದು ಪದ ಹಾಡುತ್ತಾರೆ. ಸಂಡೂರಿನ ತಾಂಡಾಗಳಲ್ಲಿ ದೀಪಾವಳಿ ಬಂತೆಂದರೆ ಲಂಬಾಣಿ ಹೆಣ್ಣುಮಕ್ಕಳು ಕೈಹಿಡಿದು ಸುತ್ತುಗಟ್ಟಿ ಹಾಡುತ್ತಾರೆ. ಹಂಪಿಯಲ್ಲಿ, ಹೊಳೆ ತುಂಬಿದಾಗ ಮುಳುಗಿ ಮತ್ತೆ ಮೇಲೇಳುವ ಪುರಂದರ ಮಂಟಪದಲ್ಲಿ, ಪುಷ್ಯ ಅಮಾವಾಸ್ಯೆಗೆ ದಾಸರ ಪದಗಳು ಕೇಳುತ್ತವೆ.

ಇವೆಲ್ಲಕ್ಕೂ ಕಿರೀಟ ಬುರ್ರಕಥೆ. ಒಬ್ಬರು ತಂಬೂರಿ ಹಿಡಿದು ಕಥೆ ನಡೆಸುತ್ತಾರೆ, ಪಕ್ಕದ ಇಬ್ಬರು ವಾದ್ಯ ಬಡಿಯುತ್ತ ದನಿಗೂಡಿಸುತ್ತಾರೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಈ ಕಲೆಯ ದೊಡ್ಡ ಹೆಸರು. ಊರೂರು ಅಲೆಯುವ ಬುಡ್ಗಜಂಗಮ ಕುಟುಂಬದಲ್ಲಿ ಹುಟ್ಟಿದ ಆಕೆಗೆ ಓದುಬರಹ ಬರುತ್ತಿರಲಿಲ್ಲ. ಹನ್ನೆರಡು ಮಹಾಕಾವ್ಯಗಳು ನಾಲಗೆಯ ಮೇಲಿದ್ದವು. ಕಂಪ್ಲಿಯ ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವುಗಳಲ್ಲೊಂದು. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಯ ದಂಡಿಗೆ ಎದುರಾಗಿ ಮಡಿದ ಆ ವೀರ ಈ ಸೀಮೆಯ ಜನರಿಗೆ ಮನೆಮಗನಂತೆ ಹತ್ತಿರವಾಗಿರುವುದು ಇಂಥ ಕೊರಳುಗಳಿಂದ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಆಕೆ ತೀರಿಕೊಂಡರು.

ಹಂಪಿಯ ಆಚೆದಂಡೆಯ ವಿರುಪಾಪುರ ಗಡ್ಡೆಯಲ್ಲಿ ಬಹಳ ವರ್ಷ ಇನ್ನೊಂದು ಬಗೆಯ ರಾತ್ರಿಯಿತ್ತು. ದೂರದೇಶದ ಹುಡುಗರು ಗದ್ದೆಯಂಚಿನ ಕೆಫೆಗಳಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅಲ್ಲಿನ ಕಟ್ಟಡಗಳು ನೆಲಸಮವಾದವು. ಪಾರಂಪರಿಕ ತಾಣದ ರಕ್ಷಣೆ ಬೇಕೇ ಬೇಕು. ನನಗಿರುವ ನೋವು ಬೇರೆ: ಸಂಗೀತದ ಆಸೆ ಹೊತ್ತು ಸಮುದ್ರ ದಾಟಿ ಬಂದವರನ್ನು, ಅಲ್ಲಿಂದ ಬಹು ದೂರವೇನಲ್ಲದ ದರೋಜಿಯ ಕಟ್ಟೆಗೆ ಕರೆದೊಯ್ದು ಕೂರಿಸುವ ಏರ್ಪಾಟನ್ನು ನಾವು ಮಾಡಲಿಲ್ಲ.

ವರ್ಷಕ್ಕೊಮ್ಮೆ ಹಂಪಿ ಉತ್ಸವ ನಡೆಯುತ್ತದೆ. ಲಕ್ಷಾಂತರ ಜನ ಸೇರುವುದು ನೋಡಿದರೆ ಎದೆ ತುಂಬುತ್ತದೆ. ಆದರೆ ಕಲಾವಿದರ ಮನೆಯ ಒಲೆ ದಿನವೂ ಉರಿಯಬೇಕು. ಬೆಳತನಕ ನಡೆಯುವ ಕಥೆಯನ್ನು ದೊಡ್ಡ ವೇದಿಕೆಯ ಹದಿನೈದು ನಿಮಿಷಕ್ಕೆ ಕತ್ತರಿಸಿದರೆ ಅದರ ಏರಿಳಿತ ಸತ್ತುಹೋಗುತ್ತದೆ. ಪ್ರತಿ ಶನಿವಾರ ರಾತ್ರಿ, ಸ್ಮಾರಕಗಳಿಂದ ದೂರದ ಒಂದು ಬಯಲಲ್ಲಿ, ಕಡಿಮೆ ದರದ ಟಿಕೆಟು ಇಟ್ಟು, ಒಂದು ವಾರ ಬುರ್ರಕಥೆ, ಒಂದು ವಾರ ಬಯಲಾಟ, ಒಂದು ವಾರ ಲಂಬಾಣಿ ಹಾಡು ನಡೆಯಲಿ. ಸಂಭಾವನೆ ಅಂದೇ ಕಲಾವಿದರ ಕೈಸೇರಲಿ. ಹೋಟೆಲಿನವರು, ಆಟೋದವರು, ಗೈಡುಗಳು ಅತಿಥಿಗಳನ್ನು ಕರೆತರಲಿ; ಅವರ ದುಡಿಮೆಯೂ ಬೆಳೆಯುತ್ತದೆ. ಅದಕ್ಕೂ ಮೊದಲು ಮುಂದಿನ ಸಾಲಿನಲ್ಲಿ ನಾವು, ಈ ಊರಿನವರು, ಮಕ್ಕಳನ್ನು ಕರೆದುಕೊಂಡು ಬಂದು ಕೂರಬೇಕು. ಕುಮಾರರಾಮನ ಕಥೆಯನ್ನು ಒಮ್ಮೆ ಪೂರ್ತಿ ಕೇಳಿದ ಹುಡುಗಿಯೊಬ್ಬಳಿಗೆ ತಾನೂ ಹಾಡಬೇಕೆನ್ನಿಸಿದರೆ, ಈ ಕಲೆಗೆ ಇನ್ನೊಂದು ತಲೆಮಾರಿನ ಆಯುಸ್ಸು ಸಿಕ್ಕಂತೆ.