ಮಂಜಿಯ ಯಜಮಾನರು

ಹಳೆಯ ವಸ್ತುವಿನ ಒಡೆಯನು ಪರರಿಗೆ ಹೇಳುವ ಬುದ್ಧಿಮಾತಿನಲ್ಲಿ ಅರ್ಧವು ಉಪದೇಶವಾದರೆ ಉಳಿದರ್ಧವು ಸ್ಮರಣೆಯೇ ಆಗಿರುವುದು. ಮಂಗಳೂರಿನ ಹಳೆಯ ಬಂದರಿನಲ್ಲಿ ಈ ಮಾತಿನ ನಿಜವನ್ನು ಕಾಣಬಹುದಾಗಿದ್ದಿತು.

1974ನೆಯ ಇಸವಿಯ ಮಳೆಗಾಲ. ಆ ವರುಷ ಮೇ ತಿಂಗಳಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಮಹಾಬಂದರುಗಳ ಪಂಕ್ತಿಗೆ ಸೇರಿದ್ದಿತು. ಇತ್ತ ಗುರುಪುರ ಹೊಳೆಯ ದಡದಲ್ಲಿ ಹಾಯಿಯ ಮಂಜಿಗಳು ಮಡಲಿನ ಹೊದಿಕೆಯಡಿಯಲ್ಲಿ ಶ್ರಾವಣದ ಹುಣ್ಣಿಮೆಯನ್ನು ಕಾಯುತ್ತಿದ್ದುವು. ಕಡಲು ಮುಚ್ಚಿದ ತಿಂಗಳುಗಳಲ್ಲಿ ಯಜಮಾನರಿಗೆ ಮಾತೇ ಕಸುಬು. ತಂದೆಯ ಮಂಜಿಗೆ ಯಂತ್ರ ಕೂಡಿಸಬೇಕೆಂದಿದ್ದ ತರುಣನೊಬ್ಬನು ಮಳಿಗೆಯ ಜಗಲಿಯಲ್ಲಿ ವೃದ್ಧರೊಬ್ಬರನ್ನು ಕೇಳಿದನು:

"ಯಜಮಾನರೆ, ನೈಲಾನ್ ಹಗ್ಗ ತರಲೋ, ತೆಂಗಿನ ನಾರಿನದೇ ಸಾಕೋ?"

"ಲಂಗರಿಗೆ ನೈಲಾನ್ ತಾ, ತಮ್ಮಾ. ಎಳೆದರೆ ಹಿಗ್ಗುವುದು, ಕೊಳೆಯದು. ಉಜ್ಜುವೆಡೆಯಲ್ಲಿ ಮಾತ್ರ ಚರ್ಮ ಸುತ್ತು. ನಾರಿನ ಹಗ್ಗವನ್ನೂ ಬಿಸುಡಬೇಡ, ಅದು ತೇಲುವುದು. ನೀರಿಗೆ ಬಿದ್ದವನು ಕೈಗೆ ಸಿಕ್ಕುವ ಹಗ್ಗವನ್ನೇ ಹಿಡಿಯುವನು."

"ಯಂತ್ರಕ್ಕೆ?"

"ಅಡಿಯಲ್ಲಿ ಉದ್ದನೆಯ ತೊಲೆಗಳನ್ನು ಹಾಕಿಸು. ನಡುಕವು ಹಲವು ಪಕ್ಕೆಮರಗಳಿಗೆ ಹಂಚಿಹೋಗಬೇಕು. ಇಲ್ಲವಾದರೆ ಸಂದಿಗೆ ತುಂಬಿದ ಹತ್ತಿ ಕಳಚುವುದು. ಕೂವೆಮರವನ್ನು ಕೀಳಿಸಬೇಡ. ಹೊದಿಕೆ ತೂತಾಗಲು ಬಿಡಬೇಡ. ಉಪ್ಪುನೀರು ಮರವನ್ನು ಕಾಯುವುದು, ಮಳೆನೀರು ಕೊಳೆಯಿಸುವುದು."

ಅಲ್ಲಿಂದ ಮಾತು ಹಳೆಯ ಹಡಗುಗಳ ಕಡೆಗೆ ಹರಿಯಿತು. ಅಮಿನಿದೀವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ದ್ವೀಪದವರು ತಮ್ಮ ಓಡಗಳಲ್ಲಿ ನಾರನ್ನೂ ಕೊಬ್ಬರಿಯನ್ನೂ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಆ ಓಡಗಳ ಹಲಗೆಗಳನ್ನು ಮೊಳೆಯಿಂದ ಜಡಿಯದೆ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಸಮುದ್ರದ ನೌಕೆಗೆ ಕಬ್ಬಿಣದ ಬಂಧ ಸಲ್ಲದು, ಅಯಸ್ಕಾಂತವು ಸೆಳೆದೀತು ಎಂದು ಭೋಜನ ಹೆಸರಿನ ಯುಕ್ತಿಕಲ್ಪತರುವಿನಲ್ಲಿಯೂ ಹೇಳಿದೆ. ಅಯಸ್ಕಾಂತದ ಮಾತು ಹಾಗಿರಲಿ; ಹೊಲಿದ ಒಡಲು ನೆಲ ತಾಗಿದರೆ ಬಿರಿಯದೆ ಬಾಗುವುದೆಂಬುದು ಅನುಭವದ ಮಾತು.

"ಹೊಲಿಗೆ ಸಡಿಲಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು," ಎಂದರು ವೃದ್ಧರು. "ಹಳೆಯದಾಯಿತೆಂದು ಯಾರೂ ಬಿಡುತ್ತಿರಲಿಲ್ಲ."

ತರುಣನು ದಡದತ್ತ ನೋಡಿದನು. ವೃದ್ಧರ ಸ್ವಂತ ಮಂಜಿಯು ಅಲ್ಲಿ ಎರಡು ಮಳೆಗಾಲದಿಂದ ಬಿದ್ದಿದ್ದಿತು. ಹೊದಿಕೆ ಹರಿದು ನೀರು ಒಳಕ್ಕೆ ಸುರಿಯುತ್ತಿದ್ದಿತು. ಸೌದೆಯ ವ್ಯಾಪಾರಿಯೊಬ್ಬನು ಬೆಲೆ ಕಟ್ಟಿಹೋಗಿದ್ದುದನ್ನು ಬಂದರಿನವರೆಲ್ಲರೂ ಬಲ್ಲರು.

"ನಿಮ್ಮದಕ್ಕೆ ಏನು ಮಾಡುವಿರಿ, ಯಜಮಾನರೆ?"

ಅಷ್ಟು ಹೊತ್ತು ಎಲ್ಲಕ್ಕೂ ಉತ್ತರವಿದ್ದವರಿಗೆ ಇದೊಂದಕ್ಕೆ ಇರಲಿಲ್ಲ. ಅನ್ಯರ ನಾವೆಗೆ ಹೇಳಿದ ಬುದ್ಧಿಯು ತನ್ನ ನಾವೆಯ ಬಳಿಗೆ ಬರುವಾಗ ಬಲು ದೂರ ನಡೆಯಬೇಕಾಗುವುದು. ಅವರು ಕೊಡೆಯನ್ನು ತೆಗೆದುಕೊಂಡು ಮೌನವಾಗಿ ಎದ್ದುಹೋದರು.

ಮರುದಿನ ಬೆಳಗ್ಗೆ ಸೌದೆಯ ವ್ಯಾಪಾರಿಯು ಹಣದೊಡನೆ ಬಂದಾಗ, ವೃದ್ಧರು ಮೊಣಕಾಲು ಕೆಸರಿನಲ್ಲಿ ನಿಂತು, ಗಾಡಿಯಿಂದ ಹೆಣೆದ ಮಡಲುಗಳನ್ನು ಎಣಿಸಿ ಇಳಿಸಿಕೊಳ್ಳುತ್ತಿದ್ದರು.