ಪೆಟ್ಗೆ ಇನ್ನೂ ಕೂಗಿಲ್ಲ

ನಮ್ಮ ಬೀದಿ ಮೂಲೆಯ ಸೊಪ್ಪಿನಜ್ಜಿಗೆ ಓದು ಬರಹ ಬಾರದು. ಮೊನ್ನೆ ಎರಡು ಕಟ್ಟು ದಂಟು ಎತ್ತಿಕೊಂಡು, ನಲವತ್ತು ರೂಪಾಯಿ ಕಳಿಸಿ, ಮೊಬೈಲಿನ ಹಸಿರು ಗುರುತನ್ನು ಆಕೆಯ ಮುಂದೆ ಹಿಡಿದೆ. ಅಜ್ಜಿ ಅದರತ್ತ ಕಣ್ಣೂ ಹಾಯಿಸಲಿಲ್ಲ. "ನಿಂತ್ಕಳಿ ಸ್ವಾಮಿ, ಪೆಟ್ಗೆ ಇನ್ನೂ ಕೂಗಿಲ್ಲ" ಅಂದಳು. ಹತ್ತು ವರ್ಷದ ಗಿರಾಕಿ ನಾನು! ದುಡ್ಡು ಜಮಾ ಆಯಿತೆಂದು ಸಾರುವ ಆ ಪೆಟ್ಟಿಗೆ ಕೂಗಿದ ಮೇಲೆಯೇ ಕೈಚೀಲಕ್ಕೆ ಕೊಸರಿನ ಕರಿಬೇವು ಬಿದ್ದದ್ದು.

ಆಮೇಲೆ ಯೋಚಿಸಿದರೆ ಅಜ್ಜಿಯದೇ ಸರಿ. ದುಡ್ಡು ಹೋಯಿತೆಂದು ಸುಳ್ಳೇ ತೋರಿಸುವ ನಕಲಿ ಆ್ಯಪ್‌ಗಳಿವೆ, ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿದ್ದಾರೆ. ಪೆಟ್ಟಿಗೆಯೊಳಗೆ ಅದರದೇ ಸಿಮ್ ಇರುತ್ತದೆ. ಸುದ್ದಿ ನೇರ ಅದಕ್ಕೇ ಬರುತ್ತದೆ, ನನ್ನ ಮೊಬೈಲಿನ ಸಾಕ್ಷಿ ಅದಕ್ಕೆ ಬೇಕಿಲ್ಲ. ಬೆಳ್ಳಿ ರೂಪಾಯಿಯ ಕಾಲದಲ್ಲಿ ಅಂಗಡಿ ಶೆಟ್ಟರು ನಾಣ್ಯವನ್ನು ಕಲ್ಲಿಗೆ ಟಣ್ಣೆನಿಸಿ, ನಾದ ಕೇಳಿ ಗಲ್ಲಾಕ್ಕೆ ಹಾಕುತ್ತಿದ್ದರಂತೆ. ಅಜ್ಜಿಯೂ ಕಿವಿಯನ್ನೇ ನಂಬಿದ್ದಾಳೆ, ಅಷ್ಟೆ.

ಯುಪಿಐ ಶುರುವಾದದ್ದು 2016ರಲ್ಲಿ. ಅಂದಿನಿಂದ 'ಚಿಲ್ಲರೆ ಇಲ್ಲ' ಎಂದು ಅಂಗಡಿಯವರು ಕೈಗಿಡುತ್ತಿದ್ದ ಚಾಕಲೇಟು ತಪ್ಪಿತು; ನನ್ನ ಹಲ್ಲಿಗೆ ಒಳ್ಳೆಯದೇ ಆಯಿತು. ಬಟನ್ ಫೋನಿನವರಿಗೂ 2022ರಲ್ಲಿ 123ಪೇ ಬಂತು, ಅದಕ್ಕೆ ಇಂಟರ್‌ನೆಟ್ಟೇ ಬೇಡ. ಊರಿನಲ್ಲಿರುವ ನಮ್ಮ ಭಾವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದೆ. "ಇರ್ಲಿ ಬಿಡು, ನೋಟು ಹ್ಯಾಂಗಾಗಲ್ಲ" ಅಂದ.

ನಮ್ಮ ದೊಡ್ಡಮ್ಮನ ಕತೆ ಬೇರೆ. ಆಕೆ ಹಳೆಯ ಮಂಚ ಮಾರಲು ಹೊರಟಳು. ಕೊಳ್ಳುವೆನೆಂದವನು ಫೋನಿನಲ್ಲೇ "ಅಮ್ಮಾ, ದುಡ್ಡು ಕಳಿಸ್ತಿದ್ದೀನಿ, ಜಮಾ ಆಗೋಕೆ ಪಿನ್ ಒತ್ತಿ" ಅಂದ. ಒತ್ತಿದಳು. ಆರು ಸಾವಿರ ಹೋಯಿತು, ಮಂಚ ಮನೆಯಲ್ಲೇ ಉಳಿಯಿತು. ಅವನು ಕಳಿಸಿದ್ದು ದುಡ್ಡಲ್ಲ, ದುಡ್ಡು ಕೇಳುವ ಕೋರಿಕೆ. ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ದೊಡ್ಡಮ್ಮನ ಪಾಲಿಗೆ ತಡವಾಯಿತು. ಮೋಸಗಾರರೇನು ಅದೊಂದನ್ನೇ ನೆಚ್ಚಿಕೊಂಡಿಲ್ಲ. ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಅನ್ನುತ್ತಾರೆ.

ನಾನು ಎರಡು-ಹಂತದ ದೃಢೀಕರಣ, ಅದು ಇದು ಎಂದು ಬಡಬಡಿಸಿದೆ. ದೊಡ್ಡಮ್ಮ ಆಕಳಿಸಿದಳು. ಕೊನೆಗೆ ಕೇಳಿದೆ: "ದೇವಸ್ಥಾನದ ಹುಂಡಿಗೆ ಕಾಸು ಹಾಕೋಕೆ ಬೀಗದಕೈ ಬೇಕೇನೇ?"

"ಹಾಕೋಕ್ಯಾಕೆ? ತೆಗೆಯೋಕೆ ಬೇಕು."

"ಪಿನ್ನೂ ಅಷ್ಟೇ."

ದೊಡ್ಡಮ್ಮ ನನ್ನನ್ನೇ ದುರುಗುಟ್ಟಿದಳು. "ಇದನ್ನ ಮೊದ್ಲೇ ಬೊಗಳೋಕೆ ನಿಂಗೇನಾಗಿತ್ತೋ?"

ಉತ್ತರ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸೈಬರ್ ಸಹಾಯವಾಣಿ 1930 ಅನ್ನು ದಪ್ಪಗೆ ಬರೆದು ಬಂದೆ. ದುಡ್ಡು ಹೋದ ಗಳಿಗೆಯಲ್ಲೇ ಫೋನ್ ಮಾಡಿದರೆ, ಅದು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆಯಿದೆ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ.